ಮೂವತ್ತೊಂಬತ್ತು ಇಂಚು

ಕೋಟಿನ ಗುಂಡಿ ಕಾಜಕ್ಕೆ ಮುಟ್ಟಲೇ ಇಲ್ಲ. ಹೆಡ್‌ಮಾಸ್ತರರು ಉಸಿರು ಬಿಗಿಹಿಡಿದರು, ಹೊಟ್ಟೆಯನ್ನು ಒಳಗೆಳೆದುಕೊಂಡರು, ಕನ್ನಡಿಯ ಮುಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿದರು... ಊಹೂಂ! ಎರಡು ಅಂಚುಗಳ ನಡುವೆ ಮೂರು ಬೆರಳಷ್ಟು ಅಂಗಿ ಇಣುಕುತ್ತಲೇ ಇತ್ತು. ಮೂವತ್ತು ವರ್ಷ ಪಾಠ ಹೇಳಿದ ಶಾಲೆಯಲ್ಲಿ ಅವರಿಗೆ ಅಂದು ಸಂಜೆಯೇ ಬೀಳ್ಕೊಡುಗೆ. ಆ ಬಟ್ಟೆಯೋ, ಮಗಳು ತನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆಂದು ತಂದದ್ದು.

"ಅಳತೆ ಬರ್ಕೊಂಡವರು ಯಾರಮ್ಮಾ?" ಅವರ ದನಿ ಜೋರಾಗಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ದರ್ಜಿಯ ತಾಯಿ ಎದ್ದು ನಿಂತಳು. "ಇನ್ಯಾರು ಮೇಷ್ಟ್ರೇ, ನನ್ನ ಸೊಸೆ! ನೋಡಿ ಇಲ್ಲಿ, ಎದೆ ಮೂವತ್ತೊಂಬತ್ತು ಅಂತೆ! ಆಳು ಕಣ್ಣೆದುರಿಗೇ ನಿಂತಿದ್ರೂ ಇವಳ ಜ್ಞಾನ ಎಲ್ಲಿರುತ್ತೋ! ನನ್ನ ಮಗ ಜ್ವರದಲ್ಲಿ ಮಲಗಿದ್ದ. ಪಕ್ಕದಂಗಡಿ ಕಟಿಂಗ್ ಮಾಸ್ಟರು ಪುಸ್ತಕದಲ್ಲಿದ್ದ ಹಾಗೇ ಕತ್ತರಿಸಿ ಹೊಲಿದಿಟ್ಟ. ಅವನದ್ದೇನು ತಪ್ಪು?"

ಸೊಸೆ ಅಳತೆಪುಸ್ತಕವನ್ನು ಎದೆಗೊತ್ತಿಕೊಂಡು ನೆಲ ನೋಡುತ್ತಾ ನಿಂತಿದ್ದಳು. ಬೆಂಚಿನ ಮೇಲೆ ಸರದಿಗಾಗಿ ಕಾದಿದ್ದ ಬೇಕರಿಯವನು ಪೇಪರು ಓದುವವನಂತೆ ನಟಿಸುತ್ತಾ ಕಿವಿಯನ್ನೆಲ್ಲಾ ಇತ್ತಲೇ ನೆಟ್ಟಿದ್ದ.

ದರ್ಜಿ ಕತ್ತರಿ ಹಿಡಿದುಕೊಂಡು ಮೇಜಿನ ಹಿಂದೆ ಕಲ್ಲಾಗಿದ್ದ. ಆ ಮೂವತ್ತೊಂಬತ್ತು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು.

ಮಾತು ಕಲಿತಾಗಿನಿಂದ ಅವನ ಮಾತು ತಡೆದು ತಡೆದು ಬರುತ್ತಿತ್ತು. ಅದರಲ್ಲೂ 'ನ' ಎಂಬ ಅಕ್ಷರ ಅವನ ಜನ್ಮವೈರಿ. ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡರೆ ಮುಗಿಯಿತು, ಕುತ್ತಿಗೆಯ ನರ ಉಬ್ಬುತ್ತಿತ್ತು, ಎದುರಿಗಿದ್ದವರು ಕನಿಕರದಿಂದಲೋ ನಗು ತಡೆಯಲಾರದೆಯೋ ಬೇರೆ ಕಡೆ ನೋಡುತ್ತಿದ್ದರು. ಅದಕ್ಕೇ ಅವನು ಸುತ್ತುದಾರಿಗಳನ್ನು ಕಲಿತಿದ್ದ. ನೀರು ಬೇಕಾದರೆ ಲೋಟ ತೋರಿಸುವುದು, ನಾಳೆ ಎನ್ನಬೇಕಾದಲ್ಲಿ ವಾರದ ಹೆಸರು ಹೇಳುವುದು... ಆದರೆ ನಲವತ್ತಕ್ಕೆ ಸುತ್ತುದಾರಿ ಎಲ್ಲಿದೆ? ಅಳತೆ ತೆಗೆಯುವವನು ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಅಪ್ಪನ ಕಾಲದಿಂದ ಅಂಗಡಿ ನಡೆದುಬಂದದ್ದೇ ಹಾಗೆ. ನಲವತ್ತರಿಂದ ನಲವತ್ತೊಂಬತ್ತರವರೆಗೆ ಟೇಪು ಎಷ್ಟೇ ತೋರಿಸಲಿ, ಅವನು "ಮೂವತ್ತೊಂಬತ್ತು" ಎಂದುಬಿಡುತ್ತಿದ್ದ. ನಿಜವಾದ ಅಂಕಿಯನ್ನು ತಲೆಯಲ್ಲಿಟ್ಟುಕೊಂಡು, ಗಿರಾಕಿ ಹೋದಮೇಲೆ, ಹೆಂಡತಿ ಒಳಗೆ ಹೋದ ಹೊತ್ತು ನೋಡಿ ಕಳ್ಳನ ಹಾಗೆ ಪುಸ್ತಕ ತೆಗೆದು ತಿದ್ದುತ್ತಿದ್ದ. ನಾಲ್ಕು ವರ್ಷದ ಸಂಸಾರದಲ್ಲಿ ಒಂದು ದಿನವೂ ಅದನ್ನು ಅವಳಿಗೆ ಹೇಳಿರಲಿಲ್ಲ. ಹೇಗೆ ಹೇಳುವುದು? ಹೆಣ್ಣು ನೋಡಲು ಹೋದಾಗ ತಾಯಿ "ನಮ್ಮ ಹುಡುಗ ಮಾತು ಕಮ್ಮಿ, ಕೆಲಸ ಜಾಸ್ತಿ" ಎಂದಿದ್ದಳು. ಅಂದಿನಿಂದ ಮನೆಯಲ್ಲಿ ಅವನು ಬಾಯಿ ತೆರೆದರೆ ಸಾಕು, ಉಳಿದದ್ದನ್ನು ತಾಯಿಯೇ ಮುಗಿಸುತ್ತಿದ್ದಳು.

ಹೆಡ್‌ಮಾಸ್ತರರ ಅಳತೆ ತೆಗೆದ ದಿನ ಮಾತ್ರ ಜ್ವರ ಏರಿತು. ತಿದ್ದುವುದು ಮರೆತೇ ಹೋಯಿತು.

"ಇನ್ಮೇಲೆ ನೀನು ಈ ಪುಸ್ತಕ ಮುಟ್ಟಬೇಡ!" ತಾಯಿ ಸೊಸೆಯ ಕೈಯಿಂದ ಅದನ್ನು ಕಿತ್ತು ಮೇಜಿಗೆ ಕುಕ್ಕಿದಳು. "ಅಂಗಡಿ ಮೆಟ್ಟಿಲನ್ನೂ ಹತ್ತಬೇಡ. ನಿಮ್ಮಪ್ಪನಿಗೆ ಹೇಳಿ ಕಳಿಸ್ತೀನಿ, ಬಂದು ಕರ್ಕೊಂಡು ಹೋಗ್ಲಿ. ನನ್ನ ಮಗ ಬಾಯಿ ಸತ್ತವನು ಅಂತ ನೀನು ಹೀಗೆ ಆಟ ಆಡೋದಾ?"

ಸೊಸೆಯ ಕಣ್ಣು ತುಂಬಿತು. ಗಂಡನ ಕಡೆ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು.

ದರ್ಜಿಯ ಕಣ್ಣು ಮೇಜಿನ ಮೇಲೆ ತೆರೆದು ಬಿದ್ದಿದ್ದ ಪುಸ್ತಕದ ಮೇಲೆ ಹೋಯಿತು. ಅವಳ ದುಂಡನೆಯ ಬರವಣಿಗೆ. ಮಿಕ್ಕ ಅಂಕಿಗಳೆಲ್ಲ ಒತ್ತೊತ್ತಾಗಿದ್ದವು. ಮೂವತ್ತೊಂಬತ್ತು ಎಂದಿದ್ದ ಕಡೆಯಲ್ಲಿ ಮಾತ್ರ ಪಕ್ಕದಲ್ಲಿ ಎರಡಂಕಿ ಹಿಡಿಸುವಷ್ಟು ಜಾಗ ಬಿಟ್ಟಿದ್ದಳು. ಹಾಳೆ ತಿರುವಿದ, ಅಲ್ಲೂ ಹಾಗೆಯೇ. ಅದರ ಹಿಂದಿನ ಹಾಳೆಯಲ್ಲೂ! ಆ ಖಾಲಿ ಜಾಗದಲ್ಲೇ ತಾನು ಕದ್ದು ಕದ್ದು ತಿದ್ದಿದ್ದ. ಎಷ್ಟು ಸಲೀಸಾಗಿ ಜಾಗ ಸಿಕ್ಕಿತ್ತೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಅಯ್ಯೋ... ಇವಳಿಗೆ ಎಲ್ಲವೂ ಗೊತ್ತು!

ಮೈಯ ರಕ್ತವೆಲ್ಲ ಮುಖಕ್ಕೆ ನುಗ್ಗಿದಂತಾಯಿತು. ಅಷ್ಟು ಜನರ ಎದುರಿಗೆ ಬಟ್ಟೆಯಿಲ್ಲದೆ ನಿಂತಿದ್ದರೂ ಅವನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ತನ್ನ ಗುಟ್ಟು ಉಳಿಯಲೆಂದು ಅವಳು ಬೈಸಿಕೊಳ್ಳುತ್ತಿದ್ದಾಳೆ, ತಾನು ಮೇಜಿನ ಹಿಂದೆ ಅಡಗಿ ಕೇಳುತ್ತಿದ್ದೇನೆ!

"ತ... ತಪ್ಪು..." ಎಂದ.

"ನೋಡಿ ಮೇಷ್ಟ್ರೇ, ಅವನೇ ಹೇಳ್ತಿದ್ದಾನೆ, ಹೆಂಡತೀದೇ ತಪ್ಪು ಅಂತ!" ತಾಯಿ ಥಟ್ಟನೆ ಮಾತು ಹಿಡಿದಳು.

ಅವನು ತಲೆ ಅಲ್ಲಾಡಿಸಿದ. ಕತ್ತರಿ ಕೆಳಗಿಟ್ಟ. "ನ... ನ... ನ್..." ದವಡೆ ಕಚ್ಚಿಕೊಂಡಿತು. ಕಣ್ಣು ತಾನಾಗಿ ಮುಚ್ಚಿತು. ಬೇಕರಿಯವನ ಪೇಪರು ಕೆಳಗಿಳಿಯಿತು.

"ನಾಳೆ ಸರಿ ಮಾಡಿಕೊಡ್ತಾನಂತೆ..." ತಾಯಿಯ ದನಿ ನಡುಗಿತು. "ಸಾಕು ಮಗಾ, ಸುಮ್ನಿರು. ಜನ ನೋಡ್ತಿದ್ದಾರೆ, ನಾನು ಹೇಳ್ತೀನಿ..."

ಅವನು ತಾಯಿಯ ಕಡೆ ಅಂಗೈ ಎತ್ತಿದ. ಬದುಕಿನಲ್ಲಿ ಮೊದಲ ಬಾರಿಗೆ! ಅವಳು ಬಾಯಿ ತೆರೆದಂತೆಯೇ ನಿಂತಳು.

"ನ... ನಾ... ನಾನು ಹೇಳಿದ್ದು ತಪ್ಪು. ನ... ನಿಮ್ಮ ಎದೆ ನ... ನ... ನಲವತ್ತೆರಡು ಇತ್ತು ಸಾರ್. ಆ ಅಂಕಿ... ಬಾಯಿಗೆ ಬರಲ್ಲ. ಅದಕ್ಕೇ ಸುಳ್ಳು ಹೇಳ್ದೆ. ಅವಳು... ನ... ನಾನು ಹೇಳಿದ್ದನ್ನ ಬರೆದಳು, ಅಷ್ಟೇ."

ಇಷ್ಟು ಹೇಳುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿ ಅನ್ನಿಸಿತು ಅವನಿಗೆ.

ಹೆಡ್‌ಮಾಸ್ತರರು ಕೋಟಿನ ಅಂಚನ್ನು ಸವರಿದರು. "ಒಂದು ಚೀಟಿ ಬರೆದು ಆ ಹುಡುಗಿ ಕೈಗೆ ಕೊಟ್ಟಿದ್ರೆ ಆಗ್ತಿರಲಿಲ್ವೇನಪ್ಪ?" ಎಂದರು. "ಹೋಗಲಿ, ಗುಂಡಿ ಬಿಚ್ಚಿಕೊಂಡೇ ಹಾಕ್ಕೋತೀನಿ. ಮಗಳಿಗೆ ಏನಾದ್ರೂ ಹೇಳಿದರಾಯ್ತು." ಮುಖದ ಮೇಲಿನ ಬೇಸರವನ್ನು ಮುಚ್ಚಿಕೊಳ್ಳದೆ ಅವರು ಮೆಟ್ಟಿಲಿಳಿದು ಹೋದರು.

ತಾಯಿ ಸ್ಟೂಲಿನ ಮೇಲೆ ಕುಸಿದಳು. "ಇಷ್ಟು ವರ್ಷ ಸೆರಗಲ್ಲಿ ಮುಚ್ಚಿಟ್ಟಿದ್ದನ್ನ ಬೀದಿಗಿಟ್ಟೆಯಲ್ಲೋ..." ಎಂದು ಬಿಕ್ಕಿದಳು.

ಅವನು ಹೆಂಡತಿಯ ಹತ್ತಿರ ಬಂದ. ಮುಖ ನೋಡುವ ಧೈರ್ಯವಾಗಲಿಲ್ಲ. "ಗೊತ್ತಿದ್ದೂ... ಯಾಕೆ ಬೈಸ್ಕೊಂಡೆ?"

"ನೀವು ಹೇಳ್ತೀರಾ ಅಂತ ಕಾದೆ ರೀ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಲ್ಕು ವರ್ಷದಿಂದ ಕಾಯ್ತಾನೇ ಇದ್ದೆ. ಇವತ್ತೂ ಹೇಳದೇ ಹೋಗಿದ್ರೆ... ನಮ್ಮಪ್ಪ ಬಂದು ಕರೆಯೋವರೆಗೂ ನಾನು ಕಾಯ್ತಿರಲಿಲ್ಲ."

ಅವಳನ್ನು ಕಳೆದುಕೊಳ್ಳುವ ಅಂಚಿನವರೆಗೆ ಹೋಗಿ ಬಂದೆನೆಂದು ಆಗಲೇ ಅವನಿಗೆ ತಿಳಿದದ್ದು.

ಬೇಕರಿಯವನು ಕೆಮ್ಮಿದ. ಅವನ ಅಳತೆಯಿನ್ನೂ ಬಾಕಿಯಿತ್ತು. ದರ್ಜಿ ಟೇಪು ಎತ್ತಿಕೊಂಡು ಆ ಅಗಲ ಎದೆಯ ಸುತ್ತ ಹಾಕಿದ. ಸೊಸೆ ಪೆನ್ಸಿಲು ಹಿಡಿದು ಕೂತಳು.

"ನ... ನ... ನ್..."

ಕಿವಿ ಮತ್ತೆ ಬೆಂಕಿಯಾಯಿತು. ಬೇಕರಿಯವನು ಟೇಪಿನತ್ತ ಬಗ್ಗಿ, "ನಲವತ್ತ..." ಎಂದು ಸಹಾಯಕ್ಕೆ ಬಂದ.

"ತಾಳಪ್ಪಾ," ಎಂದಳು ತಾಯಿ. ಅವಳು ಬೀದಿಯ ಕಡೆ ಮುಖ ಮಾಡಿ ಕೂತಿದ್ದಳು, ದನಿ ಅತ್ತು ಒಡೆದಿತ್ತು. "ಅವನೇ ಹೇಳ್ತಾನೆ."