ಸತ್ತ ಮೇಲೆ ಮದುವೆಯಾದವಳು

"ನಮ್ಮಕ್ಕ ಸತ್ತು ನಾಲ್ಕು ವರ್ಷ ಆದ್ಮೇಲೆ ಮದುವೆ ಆಗಿದ್ದಾಳೆ ಮೇಡಂ," ಎಂದು ಬೇಕರಿಯಾಕೆ ಹೇಳಿದಾಗ ಫೋಟೋದವರಿಗೆ ನಗು ಬಂತು. ಅವಳ ಮುಖ ನೋಡಿದ್ದೇ ನಗು ಗಂಟಲಲ್ಲೇ ಇಂಗಿತು.

ವಕೀಲಮ್ಮ ನಗಲಿಲ್ಲ. ಅವರು ಕೋರ್ಟು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಯಾರಿಂದಲೂ ಬಿಚ್ಚಲಾಗದ ಗಂಟುಗಳು ಅವರ ಮಹಡಿ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದವು. ಕೆಳಗಡೆ ಸ್ಟುಡಿಯೋ ಇಟ್ಟುಕೊಂಡಿದ್ದ ಫೋಟೋದವರು, ಗಿರಾಕಿ ಇಲ್ಲದ ಹೊತ್ತಲ್ಲಿ ಮೇಲೆ ಬಂದು ಕೂರುತ್ತ ಕೂರುತ್ತ, ಆ ಕೆಲಸದಲ್ಲಿ ಅರ್ಧ ಪಾಲುದಾರರೇ ಆಗಿಬಿಟ್ಟಿದ್ದರು.

"ಮೊದಲಿಂದ ಹೇಳು," ಎಂದರು ವಕೀಲಮ್ಮ.

ಅಪ್ಪ ತೀರಿಕೊಂಡ ಮೇಲೆ ಮನೆತನದ ವಂಶಾವಳಿ ಬರೆದಿಡೋಣವೆಂದು ಬೇಕರಿಯಾಕೆ ನೋಂದಣಿ ಕಚೇರಿಗೆ ಹೋಗಿದ್ದಳು. ಅಲ್ಲಿ ಜನನಕ್ಕೊಂದು, ಮದುವೆಗೊಂದು, ಮರಣಕ್ಕೊಂದು ಸೂಚಿ ಪುಸ್ತಕ. ಅದರಲ್ಲಿ ಇರುವುದು ಹೆಸರು, ತಂದೆಯ ಹೆಸರು, ವರ್ಷ, ಪುಟ. ಮೂಲ ದಾಖಲೆ ಎಲ್ಲಿದೆಯೆಂದು ಹುಡುಕಲು ಬೇಕಾದಷ್ಟೇ. ಮರಣದ ಸೂಚಿಯಲ್ಲಿ ಅಕ್ಕನ ಹೆಸರಿತ್ತು. ಅದೇನೂ ಹೊಸತಲ್ಲ. ಅಪ್ಪನಿಗೆ ಬೇಡವಾದವನ ಜೊತೆ ಮನೆ ಬಿಟ್ಟುಹೋದ ಅಕ್ಕನನ್ನು ಹುಡುಕಲು ಹೋಗಿದ್ದ ಅಣ್ಣ, ಹಿಂದೆ ಇದೇ ಸಾಲು ಓದಿ ಅಳುತ್ತ ಮನೆಗೆ ಬಂದಿದ್ದ. ಆದರೆ ಅದೇ ಹೆಸರು, ಅದೇ ತಂದೆಯ ಹೆಸರು, ನಾಲ್ಕು ವರ್ಷ ಬಿಟ್ಟು ಮದುವೆಯ ಸೂಚಿಯಲ್ಲೂ ಇತ್ತು.

"ಎರಡರಲ್ಲಿ ಒಂದು ಸುಳ್ಳು," ಎಂದರು ವಕೀಲಮ್ಮ. "ಮೊದಲು ನಿಮ್ಮ ಮನೆಯವರನ್ನ ನೋಡೋಣ."

ಬೇಕರಿಯಾಕೆಯ ತವರಿನಲ್ಲಿ ಮೂವರಿದ್ದರು. ತಾಯಿ ಒಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಮಡಿಸುತ್ತಿದ್ದರು. ಅಣ್ಣ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತ. ಅಪ್ಪನ ತಂಗಿ, ಈ ಮಕ್ಕಳ ಅತ್ತೆ, ಕುರ್ಚಿ ಬಿಟ್ಟು ಏಳಲಿಲ್ಲ. ಮದುವೆಯ ಸೂಚಿಯ ಮಾತನ್ನು ವಕೀಲಮ್ಮ ಎತ್ತಲೇ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ದೊಡ್ಡವಳು ಹೇಗೆ ತೀರಿಕೊಂಡಳು?"

"ಗೊತ್ತಿಲ್ಲ ಮೇಡಂ," ಎಂದ ಅಣ್ಣ. "ಪುಸ್ತಕದಲ್ಲಿ ಹೆಸರು ನೋಡಿದ್ದೇ ಕೈಕಾಲು ಆಡಲಿಲ್ಲ. ಮೂಲ ಪ್ರತಿ ತರಿಸೋಣ ಅಂದ್ರೆ ಅಪ್ಪ, 'ಸಾಕು ಬಿಡು' ಅಂದ್ಬಿಟ್ರು."

"ಇನ್ನೇನು? ಮರ್ಯಾದೆಗೆ ಅಂಜಿ ಜೀವ ಕಳ್ಕೊಂಡಿರ್ತಾಳೆ," ಎಂದರು ಅತ್ತೆ. "ಮಾಡಿದ್ದುಣ್ಣೋ ಮಹರಾಯ."

ತಾಯಿ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮತ್ತೆ ಮತ್ತೆ ನೀವಿದರು. "ಹಾಗೆಲ್ಲ ಅನ್ಬೇಡಿ. ಎದೇಲಿ ಕಫ ಕಟ್ಟಿತ್ತು. ಉಸಿರಾಡೋಕೆ ಆಗ್ದೆ ಹೋಯ್ತು, ಪಾಪ."

ಮಾರನೆಯ ದಿನ ಕಚೇರಿಯಲ್ಲಿ ಮೂಲ ದಾಖಲೆ ಸಿಕ್ಕಿತು. ಫೋಟೋದವರು ವಕೀಲಮ್ಮನ ಭುಜದ ಮೇಲಿಂದ ಬಗ್ಗಿ ಓದಿದರು. ಹೆಸರಿನ ಜಾಗದಲ್ಲಿ ಎರಡು ಸಾಲು. ಮೊದಲ ಸಾಲಿನಲ್ಲಿ ಅಕ್ಕನ ಹೆಸರು, ಜೊತೆಗೆ ಅವಳ ತಂದೆಯ ಹೆಸರು. ಎರಡನೆಯ ಸಾಲಿನಲ್ಲಿ, ಒತ್ತಿ ಬರೆದ ಸಣ್ಣ ಅಕ್ಷರದಲ್ಲಿ, 'ಇವರ ಹೆಸರಿಡದ ಗಂಡುಮಗು'. ಕಾರಣ, ನ್ಯುಮೋನಿಯಾ. ಮರಣ ತಿಳಿಸಿದವರು, ಮಗುವಿನ ತಾಯಿ. ಕೆಳಗೆ ಅಕ್ಕನದೇ ಸಹಿ.

"ಸೂಚಿ ಬರೆದವನು ಮೇಲಿನ ಸಾಲು ಮಾತ್ರ ಎತ್ತಿಕೊಂಡಿದ್ದಾನೆ," ಎಂದರು ಫೋಟೋದವರು. "ಮಗು ಸತ್ತಿದ್ದಕ್ಕೆ ತಾಯೀನ ಸಾಯ್ಸಿಬಿಟ್ಟ! ಗುಮಾಸ್ತನ ತಪ್ಪು. ಇಲ್ಲಿಗೆ ಮುಗೀತಲ್ಲ?"

"ತಪ್ಪು ಹೆತ್ತವನು ಗುಮಾಸ್ತ. ಅದನ್ನ ಇಷ್ಟು ಕಾಲ ಸಾಕಿದವರು ಬೇರೆ. ಅವರು ಆ ಮನೆಯಲ್ಲೇ ಇದ್ದಾರೆ, ಫೋಟೋದವರೇ."

ಅತ್ತೆಯೇ ಇರಬೇಕು ಎಂದು ಫೋಟೋದವರು ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಅಂಥ ನಾಲಿಗೆಯವರು ಏನು ಮಾಡಲಿಕ್ಕೂ ಹೇಸುವುದಿಲ್ಲ ಎಂಬುದು ಅವರ ನಂಬಿಕೆ.

ಸಂಜೆ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ವಕೀಲಮ್ಮ ದಾಖಲೆಯನ್ನು ಓದಿ ಹೇಳಿದಾಗ ಅಣ್ಣ ಪ್ರತಿಯನ್ನು ಕಿತ್ತುಕೊಂಡು ಸಹಿ ನೋಡಿದ.

"ಬದುಕಿದ್ದಾಳಾ?"

"ಆಮೇಲೆ ಮದುವೆ ಆಗಿದ್ದಾಳೆ. ಆ ಮೂಲ ದಾಖಲೇನೂ ತೆಗೆಸಿ ನೋಡಿದೆ, ಅಲ್ಲೂ ಇದೇ ಸಹಿ. ಈಗ ಕೇಳಿ. ಸೂಚಿಯಲ್ಲಿ ಸಾವಿನ ಕಾರಣ ಬರೆಯೋದಿಲ್ಲ. ಅದಕ್ಕೇ ಅಣ್ಣನಿಗೆ ಕಾರಣ ಗೊತ್ತಿರಲಿಲ್ಲ. ಅತ್ತೆ ಬಾಯಿಗೆ ಬಂದದ್ದು ಅಂದರು, ಅದು ತಪ್ಪಾಗಿತ್ತು. ಎದೆಯ ಕಫ, ಕಟ್ಟಿದ ಉಸಿರು, ಇದನ್ನ ಹೇಳೋಕೆ ಒಂದೋ ಮೂಲ ದಾಖಲೆ ನೋಡಿರಬೇಕು, ಇಲ್ಲಾ ಅಲ್ಲಿಗೆ ಹೋಗಿ ಬಂದಿರಬೇಕು." ವಕೀಲಮ್ಮನ ದನಿ ತಗ್ಗಿತು. "ಇನ್ನೊಂದು ಮಾತು. ಬೆಳೆದ ಮಗಳು ತೀರಿಕೊಂಡರೆ ತಾಯಿ 'ಹೋದಳು' ಅಂತಾಳೆ. 'ಹೋಯ್ತು' ಅನ್ನೋದು ಮಗೂಗೆ. ಅಕ್ಕರೆಗೆ ಬಂದ ಮಾತಿರಬಹುದು ಅಂತ ಮೊದಲು ನಾನೂ ಸುಮ್ಮನಾದೆ. ದಾಖಲೆ ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ನೀವು 'ಪಾಪ' ಅಂದಿದ್ದು ಮೊಮ್ಮಗುವಿಗೆ ಅಲ್ವಾ, ಅಮ್ಮಾ?"

ತಾಯಿ ಹೌದೆಂದು ತಲೆಯಾಡಿಸಿದರು.

"ಅವನು ಬಿಟ್ಟುಹೋಗಿದ್ದಾನೆ, ಮಗೂಗೆ ಹುಷಾರಿಲ್ಲ, ಬಾ ಅಮ್ಮ ಅಂತ ಹೇಳಿಕಳಿಸಿದ್ಲು. ಹೊಸಿಲು ದಾಟಿದ್ರೆ ವಾಪಸ್ ಬರ್ಬೇಡ ಅಂದ್ರು ನಿಮ್ಮಪ್ಪ. ನಾನು ದಾಟ್ಲಿಲ್ಲ. ಆಮೇಲೆ, ಅವರು ಊರಲ್ಲಿಲ್ಲದಾಗ ಹೋದೆ. ಅಷ್ಟೊತ್ತಿಗೆ ಮಗು ಹೋಗಿತ್ತು, ಆಸ್ಪತ್ರೆಯವರು ಎಲ್ಲಾ ಹೇಳಿದ್ರು. ಅವಳ ಮನೆವರೆಗೂ ಹೋದೆ. ರಸ್ತೆ ಆಚೆ ನಿಂತು ನೋಡ್ದೆ. ಹಗ್ಗದ ಮೇಲಿಂದ ಪುಟ್ಟಪುಟ್ಟ ಬಟ್ಟೆ ತೆಗೀತಿದ್ಲು. ದಾಟೋಕೆ ಕಾಲು ಬರ್ಲಿಲ್ಲ."

"ನಾನು ಬಂದು, ಅಕ್ಕ ಸತ್ತಳು ಅಂದಾಗ?" ಎಂದ ಅಣ್ಣ.

"ಆ ಸುದ್ದಿ ತಪ್ಪು ಅಂತ ಗೊತ್ತಿತ್ತು. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ." ತಾಯಿ ತಲೆಯೆತ್ತಲಿಲ್ಲ. "ಸತ್ತ ಮಗಳು, 'ಯಾಕಮ್ಮ ನೀನು ಬರ್ಲಿಲ್ಲ' ಅಂತ ಕೇಳಲ್ಲ, ಮಗಾ."

ಬೇಕರಿಯಾಕೆ ಎದ್ದು ನಿಂತಳು. "ಅಕ್ಕನ ಗತಿ ನೋಡು ಅಂತ ಹೇಳಿ ಹೇಳಿ ನನ್ನ ಬಾಯಿ ಮುಚ್ಚಿಸಿದ್ರಿ. ನೀವು ತೋರಿಸಿದವನಿಗೆ ಕುತ್ತಿಗೆ ಕೊಟ್ಟೆ. ಗೊತ್ತಿದ್ದೂ ನೋಡ್ತಾ ಕೂತಿದ್ಯಲ್ಲಮ್ಮ!"

ಮದುವೆಯ ದಾಖಲೆಯಲ್ಲಿದ್ದ ವಿಳಾಸ ಹಿಡಿದು ಬೇಕರಿಯಾಕೆ, ವಕೀಲಮ್ಮ, ಫೋಟೋದವರು ಮೂವರೂ ಪಕ್ಕದ ಊರಿಗೆ ಹೋದರು. ಅಕ್ಕ ಇನ್ನೂ ಅದೇ ಮನೆಯಲ್ಲಿದ್ದಳು. ಗಿಡಗಳನ್ನು ಬೆಳೆಸಿ ಮಾರುತ್ತಿದ್ದಳು. ಮಣ್ಣು ಮೆತ್ತಿದ ಕೈಯಲ್ಲೇ ಬಾಗಿಲು ತೆಗೆದು, ಎದುರಿಗಿದ್ದವಳನ್ನು ಗುರುತಿಸಿ, "ಪುಟ್ಟೀ," ಎಂದು ತಬ್ಬಿಕೊಂಡಳು. ಆದರೆ ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಎಲ್ಲ ಕೇಳಿದಳು.

"ಅಮ್ಮ ರಸ್ತೆ ಆಚೆವರೆಗೂ ಬಂದಿದ್ರಾ?" ಎಂದಳು ಕೊನೆಗೆ. "ಆಮೇಲೆ ಎಷ್ಟು ದಿನ ಆ ಬಾಗಿಲಲ್ಲೇ ಕೂತಿದ್ದೆ ಗೊತ್ತಾ?"

ಒಳಗಿನಿಂದ ಯುವಕನೊಬ್ಬನ ದನಿ ಬಂತು. "ಯಾರಮ್ಮ ಅದು?"

"ದಾರಿ ಕೇಳೋಕೆ ಬಂದೋರು ಕಣೋ." ಅಕ್ಕ ತಂಗಿಯ ಕೆನ್ನೆಗೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿದಳು. "ಅಜ್ಜಿ ಸತ್ತುಹೋಗಿದ್ದಾರೆ ಅಂತ ಹೇಳಿ ಬೆಳೆಸಿದ್ದೀನಿ. ಹಾಗೇ ಇರ್ಲಿ ಪುಟ್ಟಿ."

ಬಾಗಿಲು ಮೆಲ್ಲಗೆ ಮುಚ್ಚಿತು.

"ಮನೆ ಸಿಗ್ಲಿಲ್ಲ ಅಂತ ಹೇಳ್ಬಿಡ್ತೀನಿ ಅಮ್ಮನಿಗೆ," ಎಂದಳು ಬೇಕರಿಯಾಕೆ ಬಸ್ಸಿನಲ್ಲಿ.

"ಬೇಡ," ಎಂದರು ವಕೀಲಮ್ಮ. "ಇದ್ದದ್ದನ್ನ ಇದ್ದ ಹಾಗೇ ಹೇಳು. ಆ ಮನೆಯಲ್ಲಿ ಒಬ್ಬರಾದ್ರೂ ನಿಜ ಹೇಳಲಿ."

ಅವಳು ಹೇಳಿದಳು. ತಾಯಿ ಅಳಲಿಲ್ಲ. ಕೇಳಿದ್ದು ಒಂದೇ ಮಾತು: "ಎಷ್ಟು ಮಕ್ಕಳಂತೆ?"

"ಕೇಳೋಕೆ ಆಗ್ಲಿಲ್ಲಮ್ಮ," ಎಂದಳು ಬೇಕರಿಯಾಕೆ.