ತುಂಬಿದ ಚೌಕ

ಪೀಳಮೇಡಿನ ಆಫೀಸಿನಲ್ಲಿ ಹಳೇ ವಿಡಿಯೋ ಗೇಮ್‌ನಂಥ ದಪ್ಪ ಪಿಕ್ಸೆಲ್ ಅಕ್ಷರಗಳನ್ನು ಬಿಡಿಸುತ್ತಿದ್ದೆ. ಅಂದು ಮಧ್ಯಾಹ್ನ ಪ್ರತಿ ಅಕ್ಷರದ ಎಡಮೂಲೆಯಲ್ಲೂ ಒಂದು ಚೌಕ ತಾನೇ ಖಾಲಿಯಾಗತೊಡಗಿತು. ತುಂಬಿದರೂ ಮತ್ತೆ ಖಾಲಿ. ಪರದೆಯ ಆ ಜಾಗ ಮಾತ್ರ ಬೆರಳಿಗೆ ತಣ್ಣಗಿತ್ತು.

ಅಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು.

"ಕಣ್ಣೂ, ನಿನ್ನ ತಾತ ನೇಯೋ ಸೀರೆ ಅಂಚಿಗೆ ಚೌಕದ ಹಾಳೇಲಿ ಗ್ರಾಫ್ ಹಾಕುವಾಗ ಅದೇ ಮೂಲೇಲಿ ಒಂದು ಕಟ್ಟಂ, ಇದೇ ಥರ ಚೌಕ, ಕಾಲಿ ಬಿಡ್ತಿದ್ರು, ದೃಷ್ಟಿ ಆಗಬಾರ್ದು ಅಂತ. ನಿನಗ್ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನಾನು ಹುಟ್ಟುವ ಮೊದಲೇ ತಾತ ತೀರಿಕೊಂಡಿದ್ದರು.

"ತುಂಬ್‌ಬೇಡ, ಸರಿಯಾ?"

ಐದಕ್ಕೆ ಕೊಡದಿದ್ದರೆ ಕೆಲಸ ಹೋಗುತ್ತಿತ್ತು. ತುಂಬಿ ಕಳಿಸಿದೆ. ಈ ಸಲ ಚೌಕಗಳು ಹಾಗೇ ಉಳಿದವು. ನನಗೇನೂ ಅನ್ನಿಸಲಿಲ್ಲ.

ಸಂಜೆ ಕರುಮತ್ತಂಪಟ್ಟಿಯ ಮನೆಗೆ ಹೋದಾಗ ಅಮ್ಮ, ತಾತ ಅಂಚು ಹಾಕಿಕೊಟ್ಟ ತನ್ನ ಮದುವೆ ಸೀರೆ ಹರಡಿಕೊಂಡು ಕೂತಿದ್ದಳು. ತಾತ ಅಂಚಿನಲ್ಲಿ ಖಾಲಿ ಬಿಟ್ಟಿದ್ದ ಚೌಕಗಳೆಲ್ಲ ತಾವಾಗಿಯೇ ಕಪ್ಪು ನೂಲಿನಿಂದ ತುಂಬಿದ್ದವು. ಮುಟ್ಟಿದೆ. ತಣ್ಣಗಿತ್ತು.