ಭಾನುವಾರಕ್ಕೆ ಬೇಕಾದ ಬ್ಯಾಟರಿ

ಬ್ಯಾಟರಿಯ ಮುಚ್ಚಳ ತಿರುಗಿಸಿ ಒಳಗೆ ಇಣುಕಿದ ವನಜಾಕ್ಷಿ, ತೆಳ್ಳನೆಯ ಕಡ್ಡಿಯಿಂದ ಕಪ್ಪಗಾದ ಒಂದು ಎಲೆಯನ್ನು ಎತ್ತಿ ಹಿಡಿದಳು. ತುಳಸಿ!

"ಏನ್ರೀ ಇದು? ಬ್ಯಾಟರಿಗೆ ಪೂಜೆ ಮಾಡಿಸಿದ್ರಾ?"

ಎದುರಿಗೆ ನಿಂತಿದ್ದ ಗಂಗಾಧರನ ಕಿವಿ ಕೆಂಪಾಯಿತು. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ಇವನು, ಸೆಕೆಂಡ್ ಹ್ಯಾಂಡ್ ಯೆಜ್ಡಿ ಬೈಕ್ ಕೊಂಡಂದಿನಿಂದ ನರಸಿಂಹಯ್ಯನವರ ಬ್ಯಾಟರಿ ಅಂಗಡಿಯ ಗಿರಾಕಿ. ಮಧ್ಯಾಹ್ನ ನರಸಿಂಹಯ್ಯನವರು ಊಟಕ್ಕೆ ಮನೆಗೆ ಹೋದಾಗ ಮಗಳು ವನಜಾಕ್ಷಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಇವನ ಬ್ಯಾಟರಿಗೆ ಕಾಯಿಲೆ ಬರುತ್ತಿದ್ದುದೂ ಸರಿಯಾಗಿ ಆ ಹೊತ್ತಿಗೇ. ಅವಳದನ್ನು ಗಮನಿಸಿದ್ದಳು, ತೋರಿಸಿಕೊಂಡಿರಲಿಲ್ಲ ಅಷ್ಟೆ.

"ನಮ್ಮಮ್ಮ ಕಣ್ರೀ. ಆಯುಧಪೂಜೆ ದಿನ ಮುಚ್ಚಳ ಬಿಚ್ಚಿಟ್ಟು ಡಿಸ್ಟಿಲ್ಡ್ ವಾಟರ್ ತರೋಕೆ ಹೋಗಿದ್ದೆ. ಬರೋಷ್ಟರಲ್ಲಿ ಗಾಡಿಗೆ ಅರಿಶಿನ ಕುಂಕುಮ ಇಟ್ಟು, ತೀರ್ಥಾನ ಇದರೊಳಗೆ ಹುಯ್ದುಬಿಟ್ಟಿದ್ದಾರೆ. ಇದಕ್ಕಿಂತ ಶುದ್ಧವಾದ ನೀರು ಎಲ್ಲಿ ಸಿಗುತ್ತೋ ಅಂತ ನನ್ನೇ ಕೇಳ್ತಾರೆ."

ವನಜಾಕ್ಷಿ ನಕ್ಕಳು. ಬೆರಳಿಗೆ ಆಸಿಡ್ ತಾಗಿರುತ್ತದೆಂದು ಅವಳು ಮುಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಆಗ ಕಣ್ಣೆರಡೇ ಕಾಣುತ್ತಿದ್ದವು. ಗಂಗಾಧರನಿಗೆ ಅಷ್ಟು ಸಾಕಿತ್ತು.

"ತೀರ್ಥ ನಮಗೆ ಒಳ್ಳೇದು, ಬ್ಯಾಟರಿ ಒಳಗಿನ ಪ್ಲೇಟಿಗಲ್ಲ. ಬೋರ್ ನೀರು, ಮೇಲೆ ಪಚ್ಚಕರ್ಪೂರ ಬೇರೆ! ಎಲ್ಲಾ ಚೆಲ್ಲಿ, ತೊಳೆದು, ಹೊಸ ಆಸಿಡ್ ಹಾಕಿ ನಿಧಾನವಾಗಿ ಚಾರ್ಜ್ ಮಾಡ್ಬೇಕು. ಅರ್ಜೆಂಟಾ?"

"ಭಾನುವಾರಕ್ಕೆ ಬೇಕು. ಊರಿನ ಆ ತುದೀಲಿರೋ ಹೂಡಿಗೆ ಹೋಗ್ಬೇಕು." ಅವನು ತಲೆ ತಗ್ಗಿಸಿದ. "ಅಮ್ಮ ಅಲ್ಲೊಂದು ಹೆಣ್ಣು ನೋಡೋಕೆ ಗೊತ್ತು ಮಾಡಿದ್ದಾರೆ."

ವನಜಾಕ್ಷಿ ಮುಚ್ಚಳವನ್ನು ಮತ್ತೆ ತಿರುಗಿಸಿ ಬಿಗಿಮಾಡಿದಳು.

"ಸಂತೋಷ," ಎಂದಳು. ಸಂತೋಷವೇನೂ ಆಗಿರಲಿಲ್ಲ.

ಆ ವಾರ ಪೀಣ್ಯದಲ್ಲಿ ಕರೆಂಟು ಇದ್ದದ್ದಕ್ಕಿಂತ ಹೋದದ್ದೇ ಹೆಚ್ಚು. ಕರೆಂಟ್ ಇರಲಿಲ್ಲ, ಆಗಲಿಲ್ಲ ಎಂದರೆ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಅದೂ ಬೇಡವೆಂದರೆ, ತಂತಿ ಕೂಡಿಸುವ ಟರ್ಮಿನಲ್ಲಿನ ನಟ್ಟನ್ನು ತುಸು ಸಡಿಲ ಬಿಟ್ಟರಾಯಿತು; ಹೆಬ್ಬಾಳ ದಾಟುವುದರೊಳಗೆ ಗಾಡಿ ಕೈಕೊಡುತ್ತಿತ್ತು. ಅವಳು ಎರಡನ್ನೂ ಯೋಚಿಸಿದಳು. ಆದರೆ ಹಿಂದಿನ ಸೀಟಿನಲ್ಲಿ ಆ ತಾಯಿಯೂ ಇರುತ್ತಾರೆ, ನಡುರಸ್ತೆಯಲ್ಲಿ ಬಿಸಿಲಿಗೆ ನಿಲ್ಲಬೇಕಾಗುತ್ತದೆ ಎಂಬುದು ನೆನಪಾಗಿ ಮನಸ್ಸು ಒಪ್ಪಲಿಲ್ಲ.

ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದಳು. ಒಣಗಿಸಿ ವ್ಯಾಸಲೀನ್ ಸವರಿದಳು. ಅವನನ್ನು ಬೇರೊಬ್ಬಳ ಮನೆಗೆ ಕಳಿಸಲು ತಾನೇ ಇಷ್ಟು ಅಚ್ಚುಕಟ್ಟಾಗಿ ತಯಾರಿ ಮಾಡುತ್ತಿದ್ದೇನಲ್ಲ ಎಂದು ಅಳು ಬಂತು. ಇಷ್ಟು ದಿನ ಬ್ಯಾಟರಿಯ ವಿಷಯ ಬಿಟ್ಟು ಬೇರೆ ಒಂದು ಮಾತು ಆಡಿದ್ದರೆ ಗಂಟೇನು ಹೋಗುತ್ತಿತ್ತು?

ಶನಿವಾರ ಮಧ್ಯಾಹ್ನ ಗಂಗಾಧರ ಬಂದ. ಬಾಗಿಲಲ್ಲೇ ಕೇಳಿದ:

"ಆಗಿಲ್ಲ ಅಲ್ವಾ?"

"ಆಗಿದೆ."

ಅವಳು ಸಣ್ಣ ಬಲ್ಬೊಂದಕ್ಕೆ ತಂತಿ ಮುಟ್ಟಿಸಿದಳು. ಬಲ್ಬು ಪ್ರಕಾಶವಾಗಿ ಹತ್ತಿತು, ಅವನ ಮುಖ ಬಾಡಿತು.

"ಕರೆಂಟೇ ಇರ್ಲಿಲ್ವಲ್ರೀ!"

"ಬಂದಾಗೆಲ್ಲ ನಿಮ್ದನ್ನೇ ಮೊದ್ಲು ಹಾಕ್ದೆ."

"ಯಾಕ್ ಹಾಕಿದ್ರಿ?" ಅವನ ದನಿಯಲ್ಲಿ ನಿಜವಾದ ಸಿಟ್ಟಿತ್ತು.

"ಭಾನುವಾರಕ್ಕೆ ಬೇಕು ಅಂದೋರು ನೀವೇ ತಾನೇ?"

"ಆಗಿಲ್ಲ ಅಂತ ಒಂದ್ ಮಾತು ಅಂದಿದ್ರೆ ಹೋಗೋದು ತಪ್ತಿತ್ತು."

"ಸುಳ್ಳು ಹೇಳಿ ಗಿರಾಕೀನ ನಿಲ್ಲಿಸ್ಕೊಳ್ಳೋದು ನಮ್ಮಂಗಡೀಲಿ ಇಲ್ಲ."

"ಹಂಗಾದ್ರೆ ನಿಜಾನೇ ಹೇಳಿ," ಎಂದ ಗಂಗಾಧರ. "ನಾನು ಹೂಡಿಗೆ ಹೋಗ್ಲಾ?"

ರಸ್ತೆಯಲ್ಲಿ ಕಬ್ಬಿಣ ತುಂಬಿದ ಲಾರಿಯೊಂದು ಹೋಯಿತು. ಅದರ ಸದ್ದು ಅಡಗುವವರೆಗೂ ವನಜಾಕ್ಷಿ ಬಲ್ಬಿನ ತಂತಿ ಸುತ್ತುತ್ತಿದ್ದಳು. ಬಿಟ್ಟರೆ ಇವನು ಮತ್ತೆ ಸಿಗುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ಬೇಡ," ಎಂದಳು ಮೆಲ್ಲಗೆ.

"ಏನಂದ್ರಿ? ಲೇತ್ ಸದ್ದಿಗೆ ಕಿವಿ ಸ್ವಲ್ಪ ಮಂದ ನಂದು." ತುಟಿಯಂಚಿನಲ್ಲಿ ಆಗಲೇ ನಗು ಬಂದಿತ್ತು, ಕಳ್ಳನಿಗೆ.

"ಹೋಗ್ಬೇಡಿ ಅಂದೆ! ನಾನಿಲ್ವಾ ಇಲ್ಲಿ?"

ಅಂದುಬಿಟ್ಟ ಮೇಲೆ ಅವಳಿಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು. ಗಂಗಾಧರ ಜೋಪಾನವಾಗಿ ಬ್ಯಾಟರಿಯನ್ನು ಎತ್ತಿಕೊಂಡ.

"ಮತ್ತೆ ಇದ್ಯಾಕೆ ನಿಮಗೆ?" ಎಂದಳು ವನಜಾಕ್ಷಿ.

"ಭಾನುವಾರಕ್ಕೆ ಬೇಕಲ್ಲಾ. ಹೂಡಿಯವರಿಗೆ ಬರಲ್ಲ ಅಂತ ಇವತ್ತೇ ಹೇಳಿ ಬರ್ತೀನಿ. ಸಂಜೆ ನಿಮ್ಮ ತಂದೆಯವರನ್ನ ಕೇಳ್ತೀನಿ. ಅವರು ಹೂಂ ಅಂದ್ರೆ, ನಾಳೆ ಅಮ್ಮನ್ನ ಕೂರಿಸ್ಕೊಂಡು ನಿಮ್ಮನೇಗೇ ಬರ್ತೀನಿ, ಹೆಣ್ಣು ನೋಡೋಕೆ."

ವನಜಾಕ್ಷಿ ಕಣ್ಣೊರೆಸಿಕೊಂಡು, ಬೇಕೆಂದೇ ಗಂಟು ಮುಖ ಮಾಡಿದಳು.

"ಹೊಸದಾಗಿ ನೋಡೋಕೇನಿದೆ? ಇಷ್ಟು ದಿನ ನೋಡಿದ್ದು ಸಾಲ್ದಾ?"

"ಸಾಲ್ದು," ಎಂದ ಗಂಗಾಧರ.